ಪ್ಯೂರ್ ಡೇಟಾ ಪ್ಯಾಚ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು?

ಪ್ರಶ್ನೆ: ಪೆಟ್ಟಿಗೆಗಳನ್ನು ತಂತಿಗಳಿಂದ ಜೋಡಿಸಿ ಧ್ವನಿಯ ಕಾರ್ಯಕ್ರಮ ಕಟ್ಟುವ ಪ್ಯೂರ್ ಡೇಟಾ ಎಂಬ ತಂತ್ರಾಂಶವನ್ನು ನಾನು ಕೆಲವು ತಿಂಗಳುಗಳಿಂದ ಕಲಿಯುತ್ತಿದ್ದೇನೆ. ತಂತ್ರಾಂಶದ ಜೊತೆಗೇ ಬರುವ ಉದಾಹರಣೆಗಳನ್ನು ತೆರೆದರೆ ಅವು ಸರಿಯಾಗಿ ಕೆಲಸ ಮಾಡುತ್ತವೆ. ಅವನ್ನೇ ನೋಡಿ ನಾನು ಕಟ್ಟಿದ ಪ್ಯಾಚ್ (ಹಾಗೆ ಜೋಡಿಸಿದ ಕಾರ್ಯಕ್ರಮ) ಮಾತ್ರ ಒಮ್ಮೆ ಮೌನವಾಗಿರುತ್ತದೆ, ಒಮ್ಮೆ ಪಟಪಟ ಸದ್ದು ಮಾಡುತ್ತದೆ, ಒಮ್ಮೆ ತಪ್ಪು ಲೆಕ್ಕ ಕೊಡುತ್ತದೆ. ತಂತಿಗಳನ್ನು ಕಿತ್ತು ಅದೇ ರೀತಿ ಮತ್ತೆ ಜೋಡಿಸಿದರೆ ಸರಿಹೋಗುವುದೂ ಉಂಟು. ನಿನ್ನೆ ನಡೆದದ್ದು ಇಂದು ತೆರೆದರೆ ನಡೆಯುವುದಿಲ್ಲ. ಚಿತ್ರ ರಚನೆಯ ಸೇರ್ಪಡೆಯಾದ ಜೆಮ್ ಬಳಸಿ ಚಿತ್ರಗಳನ್ನು ಸೇರಿಸಿದಾಗ ಧ್ವನಿ ತುಂಡುತುಂಡಾಗುತ್ತದೆ. ದೋಷವನ್ನು ಕ್ರಮವಾಗಿ ಹುಡುಕುವುದು ಹೇಗೆ? ಇದನ್ನು ಕಲಿಯುವ ಸರಿಯಾದ ದಾರಿ ಯಾವುದು?

ಉತ್ತರ: ತಂತಿಗಳನ್ನು ಕಿತ್ತು ಅದೇ ರೀತಿ ಮತ್ತೆ ಜೋಡಿಸಿದರೆ ಸರಿಹೋಗುತ್ತದೆ ಎಂದು ನೀವು ಬರೆದಿರುವ ಒಂದು ವಾಕ್ಯದಲ್ಲೇ ನಿಮ್ಮ ತೊಂದರೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಸುಳಿವು ಇದೆ. ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಪ್ಯಾಚ್‌ಗಳು ಬೇರೆ ಬೇರೆ ಫಲ ಕೊಡುತ್ತಿವೆ ಎಂದಾದರೆ, ಫಲವನ್ನು ನಿರ್ಧರಿಸುವ ಸಂಗತಿಯೊಂದು ಪರದೆಯ ಮೇಲಿನ ಚಿತ್ರದಲ್ಲಿ ಬರೆದಿಲ್ಲ ಎಂದೇ ಅರ್ಥ. ಆ ಸಂಗತಿ ಸರದಿ: ಯಾವುದು ಮೊದಲು ನಡೆಯುತ್ತದೆ, ಯಾವುದು ಆಮೇಲೆ ಎಂಬುದು. ಪ್ಯಾಚ್‌ನಲ್ಲಿ ತಂತಿಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎನ್ನುವುದು ಕಾಣುತ್ತದೆ, ಯಾವಾಗ ಎನ್ನುವುದು ಕಾಣುವುದಿಲ್ಲ. ಇಂಥ ಪರಿಸರಗಳಲ್ಲಿ ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಆದ್ದರಿಂದ ಇದನ್ನೇ ಸ್ವಲ್ಪ ವಿಸ್ತಾರವಾಗಿ ಹೇಳಿ, ಉಳಿದವನ್ನು ಅದರ ಹಿಂದೆ ತರುತ್ತೇನೆ.

ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಒಂದು ಸಂಖ್ಯೆಯ ವರ್ಗವನ್ನು ಲೆಕ್ಕ ಹಾಕಬೇಕೆಂದು ಒಂದು ನಂಬರ್ ಬಾಕ್ಸ್ ಇಟ್ಟು, ಅದರಿಂದ ಗುಣಾಕಾರದ ಆಬ್ಜೆಕ್ಟ್‌ನ (ಕೆಲಸ ಮಾಡುವ ಪೆಟ್ಟಿಗೆಯ) ಎಡ ಇನ್‌ಲೆಟ್‌ಗೆ (ಒಳದಾರಿಗೆ) ಮೊದಲು ಒಂದು ತಂತಿ, ಬಲ ಇನ್‌ಲೆಟ್‌ಗೆ ಆಮೇಲೆ ಇನ್ನೊಂದು ತಂತಿ ಎಳೆಯಿರಿ. 5 ಎಂದು ಕೊಟ್ಟರೆ 25ರ ಬದಲು 0 ಬರುತ್ತದೆ. ಮುಂದೆ 6 ಕೊಟ್ಟರೆ 36ರ ಬದಲು 30 ಬರುತ್ತದೆ. ಪ್ಯೂರ್ ಡೇಟಾದ ಬಹುಪಾಲು ಆಬ್ಜೆಕ್ಟ್‌ಗಳಲ್ಲಿ ಎಡ ತುದಿಯ ಇನ್‌ಲೆಟ್‌ಗೆ ಸಂದೇಶ ಬಂದಾಗ ಮಾತ್ರ ಲೆಕ್ಕ ನಡೆದು ಉತ್ತರ ಹೊರಬೀಳುತ್ತದೆ. ಉಳಿದ ಇನ್‌ಲೆಟ್‌ಗಳು ಬಂದ ಬೆಲೆಯನ್ನು ನೆನಪಿಟ್ಟುಕೊಂಡು ಸುಮ್ಮನಿರುತ್ತವೆ. ಮೊದಲನೆಯದನ್ನು ಹಾಟ್, ಉಳಿದವನ್ನು ಕೋಲ್ಡ್ ಎಂದು ಕರೆಯುವ ರೂಢಿಯಿದೆ. ನಮ್ಮ ಪ್ಯಾಚ್‌ನಲ್ಲಿ 6 ಎಂಬುದು ಮೊದಲು ಎಡಕ್ಕೆ ತಲುಪಿ, ಬಲದಲ್ಲಿ ಆಗಲೇ ಕುಳಿತಿದ್ದ ಹಳೆಯ 5ರೊಂದಿಗೆ ಗುಣಿಸಿಕೊಂಡು 30 ಆಗಿ ಹೊರಟುಹೋಯಿತು. ಆಮೇಲೆ ಬಲಕ್ಕೆ 6 ಬಂದು ಕುಳಿತಿತು. ಈಗ ಎರಡೂ ತಂತಿಗಳನ್ನು ಅಳಿಸಿ, ಬಲದ ತಂತಿಯನ್ನು ಮೊದಲು ಎಳೆದು ಎಡದ್ದನ್ನು ಆಮೇಲೆ ಎಳೆಯಿರಿ. ಚಿತ್ರ ಕೂದಲೆಳೆಯಷ್ಟೂ ಬದಲಾಗಿಲ್ಲ, ಆದರೆ ಉತ್ತರ 36. ನಿಮಗೆ ಪವಾಡದಂತೆ ಕಂಡದ್ದು ಇದೇ. ಒಂದೇ ಔಟ್‌ಲೆಟ್‌ನಿಂದ (ಹೊರದಾರಿಯಿಂದ) ಹಲವು ತಂತಿಗಳು ಹೊರಟಾಗ, ಅವುಗಳನ್ನು ಎಳೆದ ಕ್ರಮದಲ್ಲಿ ಸಂದೇಶ ಹೋಗುತ್ತದೆ. ಅಷ್ಟೇ ಅಲ್ಲ, ಮೊದಲ ತಂತಿಯ ಕೆಳಗಿನ ಇಡೀ ಸರಪಳಿ ಕೊನೆಯವರೆಗೂ ನಡೆದು ಮುಗಿದ ಮೇಲೆಯೇ ಎರಡನೆಯ ತಂತಿಗೆ ಸರದಿ ಬರುತ್ತದೆ. ಇದೇ ಕುಟುಂಬದ ಇನ್ನೊಂದು ತಂತ್ರಾಂಶವಾದ ಮ್ಯಾಕ್ಸ್‌ನಲ್ಲಿ ನಿಯಮ ಬೇರೆ: ಅಲ್ಲಿ ಗುರಿಯ ಆಬ್ಜೆಕ್ಟ್‌ಗಳು ಪರದೆಯ ಮೇಲೆ ಇರುವ ಸ್ಥಾನವನ್ನು ನೋಡಿ ಬಲದಿಂದ ಎಡಕ್ಕೆ ಸಂದೇಶ ಹೋಗುತ್ತದೆ. ಹೀಗಾಗಿ ಮ್ಯಾಕ್ಸ್‌ನಲ್ಲಿ ಅಂದಕ್ಕೆಂದು ಒಂದು ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದರೂ ಪ್ಯಾಚ್‌ನ ನಡವಳಿಕೆ ಬದಲಾಗಬಹುದು. ಯಾವುದು ಹೆಚ್ಚು ಅಪಾಯಕಾರಿ ಎಂದು ಇಂದಿಗೂ ನನಗೆ ತೀರ್ಮಾನಿಸಲಾಗಿಲ್ಲ.

ಎರಡರಲ್ಲೂ ಪರಿಹಾರ ಒಂದೇ, ಟ್ರಿಗರ್ ಆಬ್ಜೆಕ್ಟ್. ಅದು ಬಂದ ಸಂದೇಶವನ್ನು ತನ್ನ ಔಟ್‌ಲೆಟ್‌ಗಳಿಂದ ಬಲದಿಂದ ಎಡಕ್ಕೆ, ಖಚಿತವಾದ ಸರದಿಯಲ್ಲಿ ಹೊರಬಿಡುತ್ತದೆ. ಎರಡು ಔಟ್‌ಲೆಟ್‌ಗಳ ಟ್ರಿಗರ್‌ನ ಬಲವನ್ನು ಗುಣಾಕಾರದ ಬಲಕ್ಕೂ ಎಡವನ್ನು ಎಡಕ್ಕೂ ಸೇರಿಸಿದರೆ, ತಂತಿಗಳನ್ನು ಯಾವ ಕ್ರಮದಲ್ಲಿ ಎಳೆದಿರಿ ಎಂಬ ಪ್ರಶ್ನೆಯೇ ಉಳಿಯುವುದಿಲ್ಲ, ಏಕೆಂದರೆ ಸರದಿ ಈಗ ಚಿತ್ರದಲ್ಲೇ ಬರೆದಿದೆ. ಸಂದೇಶದ ಔಟ್‌ಲೆಟ್ ಒಂದರಿಂದ ಎರಡನೆಯ ತಂತಿ ಎಳೆಯಲು ಕೈ ಹೋದಾಗಲೆಲ್ಲ ಅಲ್ಲಿ ಟ್ರಿಗರ್ ಇಡುವುದನ್ನು ಕಡ್ಡಾಯ ಮಾಡಿಕೊಳ್ಳಿ. ಎಷ್ಟೋ ಕಡೆ ಅದು ಅನಗತ್ಯವಿರಬಹುದು; ಆದರೆ ಅನಗತ್ಯವಾದ ಟ್ರಿಗರ್‌ನಿಂದ ಯಾರಿಗೂ ನಷ್ಟವಿಲ್ಲ, ಇಲ್ಲದ ಟ್ರಿಗರ್ ಹುಡುಕುತ್ತಾ ನಾನೇ ಇಡೀ ರಾತ್ರಿಗಳನ್ನು ಕಳೆದಿದ್ದೇನೆ. ಎಣಿಕೆಯ ಪ್ಯಾಚ್ ಕಟ್ಟುವಾಗಲೂ ಇದೇ ವಿವೇಕ ಬೇಕು. ಒಂದನ್ನು ಕೂಡಿಸುವ ಆಬ್ಜೆಕ್ಟ್‌ನ ಉತ್ತರವನ್ನು, ಸಂಖ್ಯೆಯನ್ನು ಹಿಡಿದಿಟ್ಟಿರುವ ಫ್ಲೋಟ್ ಆಬ್ಜೆಕ್ಟ್‌ನ ಬಲ ಇನ್‌ಲೆಟ್‌ಗೆ ಹಿಂದಿರುಗಿಸಿದರೆ ಅದು ಮುಂದಿನ ಬ್ಯಾಂಗ್‌ಗಾಗಿ, ಅಂದರೆ ಕೆಲಸ ನಡೆಸು ಎಂಬ ಸಂದೇಶಕ್ಕಾಗಿ, ಕಾಯುತ್ತದೆ. ಎಡಕ್ಕೆ ಹಿಂದಿರುಗಿಸಿದರೆ ಉತ್ತರವೇ ಹೊಸ ಲೆಕ್ಕವನ್ನು ಹುಟ್ಟಿಸಿ, ಆ ಲೆಕ್ಕ ಮತ್ತೊಂದು ಉತ್ತರವನ್ನು ಹುಟ್ಟಿಸಿ, ಕೊನೆಗೆ ಕನ್ಸೋಲ್‌ನಲ್ಲಿ (ತಂತ್ರಾಂಶ ತನ್ನ ದೂರುಗಳನ್ನು ಬರೆಯುವ ಕಿಟಕಿಯಲ್ಲಿ) ಸ್ಟ್ಯಾಕ್ ಓವರ್‌ಫ್ಲೋ ಎಂಬ ಕೆಂಪು ಸಾಲು ಕಾಣುತ್ತದೆ.

ಇಷ್ಟು ಹೇಳಿದ್ದು ಸಂದೇಶಗಳ ಲೋಕ. ಧ್ವನಿಯ ಲೋಕ ಬೇರೆಯೇ. 1980ರ ದಶಕದ ಮಧ್ಯಭಾಗದಲ್ಲಿ ಪ್ಯಾರಿಸ್‌ನ ಇರ್ಕಾಮ್ ಎಂಬ ಸಂಗೀತ ಸಂಶೋಧನಾ ಸಂಸ್ಥೆಯಲ್ಲಿ ಮಿಲ್ಲರ್ ಪಕೆಟ್ ಅವರು ಮ್ಯಾಕ್ಸ್ ಅನ್ನು ರೂಪಿಸಿದಾಗ ಅದರ ಕೆಲಸ ಧ್ವನಿಯನ್ನು ಹುಟ್ಟಿಸುವುದಾಗಿರಲಿಲ್ಲ. ಧ್ವನಿ ಹುಟ್ಟಿಸುವ ಬೇರೊಂದು ಯಂತ್ರಕ್ಕೆ ಯಾವ ಕ್ಷಣದಲ್ಲಿ ಏನು ಮಾಡಬೇಕೆಂದು ಹೇಳುವುದಾಗಿತ್ತು. ಸಿಗ್ನಲ್‌ಗಳು, ಅಂದರೆ ನಿಲ್ಲದೆ ಹರಿಯುವ ಧ್ವನಿಯ ಅಲೆಗಳು, ಆ ವ್ಯವಸ್ಥೆಯೊಳಗೆ ಬಂದದ್ದು ಆನಂತರ. 1990ರ ದಶಕದಲ್ಲಿ ಅವರೇ ಬರೆದ ಪ್ಯೂರ್ ಡೇಟಾ ಆ ಎರಡು ಲೋಕಗಳ ಗಡಿಯನ್ನು ಹಾಗೆಯೇ ಉಳಿಸಿಕೊಂಡಿದೆ. ತೆಳು ತಂತಿಯಲ್ಲಿ ಸಂದೇಶ ಹರಿಯುತ್ತದೆ, ದಪ್ಪ ತಂತಿಯಲ್ಲಿ ಸಿಗ್ನಲ್ ಹರಿಯುತ್ತದೆ. ಸಿಗ್ನಲ್ ಆಬ್ಜೆಕ್ಟ್‌ಗಳ ಹೆಸರಿನ ಕೊನೆಗೆ ಟಿಲ್ಡೆ (~) ಇರುತ್ತದೆ. ಸಂದೇಶ ಯಾರಾದರೂ ಕಳಿಸಿದಾಗ ಮಾತ್ರ ಚಲಿಸುತ್ತದೆ. ಸಿಗ್ನಲ್ ಮಾತ್ರ ಡಿಎಸ್‌ಪಿ (ಧ್ವನಿ ಲೆಕ್ಕದ ಸ್ವಿಚ್) ಚಾಲೂ ಇರುವವರೆಗೆ ನಿಲ್ಲದೆ, ಸಾಮಾನ್ಯವಾಗಿ 64 ಸ್ಯಾಂಪಲ್‌ಗಳ (ಅಲೆಯ ಬಿಡಿ ಅಳತೆಗಳ) ಕಂತುಗಳಲ್ಲಿ ಲೆಕ್ಕವಾಗುತ್ತಿರುತ್ತದೆ. ಸೆಕೆಂಡಿಗೆ 44,100 ಸ್ಯಾಂಪಲ್‌ಗಳಾದರೆ ಒಂದು ಕಂತು ಸುಮಾರು 1.45 ಮಿಲಿಸೆಕೆಂಡಿನದು. ಸಂದೇಶಗಳ ಕೆಲಸವೆಲ್ಲ ಎರಡು ಕಂತುಗಳ ನಡುವಿನ ಸಂದಿಯಲ್ಲಿ ನಡೆಯುತ್ತದೆ.

ಇನ್ನು ನಿಮ್ಮ ಮೌನದ ಸಮಸ್ಯೆಗೆ ಬರೋಣ. ಧ್ವನಿ ಬಾರದಿದ್ದಾಗ ಪ್ಯಾಚ್‌ನ ಮೇಲ್ಭಾಗದಿಂದ ಹುಡುಕಲು ಹೊರಡುವುದು ಸಹಜ; ಆದರೆ ಕೆಳಗಿನಿಂದ, ಸ್ಪೀಕರ್‌ನ ಕಡೆಯಿಂದ ಮೇಲಕ್ಕೆ ಹೋಗುವುದು ಬೇಗ ಫಲ ಕೊಡುತ್ತದೆ. ಮೀಡಿಯಾ ಮೆನುವಿನಲ್ಲಿರುವ ಧ್ವನಿ ಪರೀಕ್ಷೆಯ ಪ್ಯಾಚ್ ತೆರೆದು ಅದರ ಸ್ವರ ಕೇಳುತ್ತದೆಯೇ ನೋಡಿ. ಅದೂ ಕೇಳದಿದ್ದರೆ ದೋಷ ನಿಮ್ಮ ಪ್ಯಾಚ್‌ನದಲ್ಲ. ಆಡಿಯೊ ಸೆಟ್ಟಿಂಗ್ಸ್‌ನಲ್ಲಿ ಆಯ್ಕೆಯಾಗಿರುವ ಸಾಧನ ತಪ್ಪಿರಬಹುದು ಅಥವಾ ಡಿಎಸ್‌ಪಿ ಆರಿರಬಹುದು. ಅದು ಕೇಳಿದರೆ ನಿಮ್ಮ ಪ್ಯಾಚ್‌ಗೆ ಹಿಂದಿರುಗಿ, ಸಿಗ್ನಲ್‌ನ ಮಟ್ಟ ಅಳೆಯುವ ಎನ್ವ್~ ಎಂಬ ಆಬ್ಜೆಕ್ಟ್‌ಗೆ ಒಂದು ನಂಬರ್ ಬಾಕ್ಸ್ ಜೋಡಿಸಿ ಮೀಟರಿನಂತೆ ಹಿಡಿದು, ಸ್ಪೀಕರ್‌ಗೆ ಧ್ವನಿ ಕಳಿಸುವ ಡ್ಯಾಕ್~ ಒಳಗೆ ಹೋಗುವ ತಂತಿಯಿಂದ ಆರಂಭಿಸಿ ಒಂದೊಂದೇ ಮೆಟ್ಟಿಲು ಮೇಲಕ್ಕೆ ಅಳೆಯುತ್ತಾ ಬನ್ನಿ. ಇಲ್ಲಿ ಬಳಸುವ ಡೆಸಿಬಲ್ ಮಾಪಕದಲ್ಲಿ 100 ಎಂದರೆ 1ರ ಮಟ್ಟ, 0 ಎಂದರೆ ಪೂರ್ಣ ನಿಶ್ಶಬ್ದ. ಪೂರ್ಣ ಎತ್ತರದ ಸೈನ್ ಅಲೆಗೆ ಸುಮಾರು 97 ತೋರಬೇಕು, ಅದನ್ನು 0.1ರಿಂದ ಗುಣಿಸಿದ ಮೇಲೆ ಸುಮಾರು 77. ಎಲ್ಲಿ ಒಂದು ಆಬ್ಜೆಕ್ಟ್‌ನ ಮೇಲೆ 97 ಇದ್ದು ಕೆಳಗೆ 0 ಇದೆಯೋ, ಹೊಳೆ ಬತ್ತಿರುವುದು ಅಲ್ಲೇ.

ಮೀಟರ್ ಸರಿಯಾಗಿ 100 ತೋರಿಸುತ್ತಿದ್ದು ಕಿವಿಗೆ ಮಾತ್ರ ಏನೂ ಕೇಳದಿರುವ ವಿಚಿತ್ರ ಸ್ಥಿತಿಯೂ ಎದುರಾಗುತ್ತದೆ. ಪ್ಯೂರ್ ಡೇಟಾದಲ್ಲಿ ಸ್ವರ ಹುಟ್ಟಿಸುವ ಆಸ್ಕ್~ ಕೊಸೈನ್ ಅಲೆಯನ್ನು ಕೊಡುತ್ತದೆ. ಅದರ ಆವರ್ತನ 0 ಆಗಿದ್ದರೆ ಅಲೆ ಶಿಖರದಲ್ಲೇ ನಿಂತುಬಿಟ್ಟು 1 ಎಂಬ ಸ್ಥಿರ ಬೆಲೆ ಹರಿಯುತ್ತಿರುತ್ತದೆ. ಮೀಟರಿಗೆ ಅದು ಪೂರ್ಣ ಬಲ, ಕಿವಿಗೆ ಮೌನ. ಆಗ ಹುಡುಕಬೇಕಾದದ್ದು ದಪ್ಪ ತಂತಿಯಲ್ಲಲ್ಲ, ಆಸ್ಕ್~ಗೆ ಆವರ್ತನವನ್ನು ತರಬೇಕಿದ್ದ ತೆಳು ತಂತಿಯಲ್ಲಿ. "ನಿನ್ನೆ ನಡೆಯಿತು, ಇಂದು ಇಲ್ಲ" ಎಂಬ ನಿಮ್ಮ ದೂರಿಗೂ ಬಹುಮಟ್ಟಿಗೆ ಇದೇ ಕಾರಣವಿರಬೇಕು. ನಂಬರ್ ಬಾಕ್ಸ್‌ನಲ್ಲಿ ನೀವು ಎಳೆದು ಇಟ್ಟಿದ್ದ 440 ಕಡತದಲ್ಲಿ ಉಳಿಯುವುದಿಲ್ಲ. ಮರುದಿನ ತೆರೆದಾಗ ಅಲ್ಲಿ 0 ಕಾಣುತ್ತದೆ, ಅದೂ ತಾನಾಗಿ ಹೊರಡುವುದಿಲ್ಲ. ಪ್ಯಾಚ್ ತೆರೆದ ಕೂಡಲೇ ಬೇಕಾದ ಬೆಲೆಗಳನ್ನು, ಆಗ ತಾನಾಗಿ ಬ್ಯಾಂಗ್ ಕಳಿಸುವ ಲೋಡ್‌ಬ್ಯಾಂಗ್ ಆಬ್ಜೆಕ್ಟ್‌ಗೆ ಜೋಡಿಸಿದ ಮೆಸೇಜ್ ಬಾಕ್ಸ್‌ಗಳಲ್ಲಿ ಬರೆದಿಡಿ. ಹಾಗೆ ಬರೆದಿಟ್ಟರೆ ನಿಮ್ಮ ಪ್ಯಾಚ್ ಯಾವ ಸ್ಥಿತಿಯಿಂದ ಹೊರಡುತ್ತದೆ ಎಂಬುದೂ ಓದಲು ಸಿಗುತ್ತದೆ.

ಮೌನಕ್ಕೆ ಇನ್ನೊಂದು ಸಾಮಾನ್ಯ ಕಾರಣ ಗುಣಾಕಾರದ ಸಿಗ್ನಲ್ ಆಬ್ಜೆಕ್ಟ್‌ನಲ್ಲಿದೆ. ಅದರ ಪೆಟ್ಟಿಗೆಯೊಳಗೆ 0.1 ಎಂದು ಸಂಖ್ಯೆ ಬರೆದರೆ ಬಲ ಇನ್‌ಲೆಟ್ ಸಂದೇಶಗಳಿಗೆ ಮೀಸಲಾಗಿ ಸಿಗ್ನಲ್ ಅನ್ನು ಸ್ವೀಕರಿಸುವುದಿಲ್ಲ. ಸಂಖ್ಯೆ ಬರೆಯದಿದ್ದರೆ ಸ್ವೀಕರಿಸುತ್ತದೆ. ಬೆಲೆಯನ್ನು ಮೆಲ್ಲನೆ ಬದಲಿಸುವ ಲೈನ್~ನಿಂದ ಬರುವ ಏರಿಳಿತವನ್ನು ಮೊದಲ ಬಗೆಯ ಪೆಟ್ಟಿಗೆಗೆ ಸೇರಿಸಲು ಹೋದವರಿಗೆ ಕನ್ಸೋಲ್‌ನಲ್ಲಿ ಒಂದು ದೂರು ಕಾಣುತ್ತದೆ, ಆದರೆ ಆ ಕಿಟಕಿ ಪ್ಯಾಚ್‌ನ ಹಿಂದೆ ಮುಚ್ಚಿಹೋಗಿರುವುದರಿಂದ ಅದನ್ನು ಯಾರೂ ಓದಿರುವುದಿಲ್ಲ. ಕನ್ಸೋಲ್ ಕಿಟಕಿಯನ್ನು ಪರದೆಯ ಒಂದು ಮೂಲೆಯಲ್ಲಿ ಸದಾ ತೆರೆದಿಟ್ಟಿರಿ. ಅಲ್ಲಿ ಕೆಂಪು ಸಾಲು ಬಿದ್ದಾಗ ಫೈಂಡ್ ಲಾಸ್ಟ್ ಎರರ್ ಎಂಬ ಮೆನು ಆಯ್ಕೆ ತಪ್ಪು ಮಾಡಿದ ಆಬ್ಜೆಕ್ಟ್‌ನ ಬಳಿಗೆ ಕರೆದೊಯ್ಯುತ್ತದೆ. ಆಬ್ಜೆಕ್ಟ್‌ನ ಅಂಚು ಚುಕ್ಕಿಗೆರೆಯಾಗಿದ್ದರೆ ಆ ಹೆಸರಿನದು ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲ ಅಥವಾ ಹೆಸರನ್ನು ತಪ್ಪಾಗಿ ಬರೆದಿದ್ದೀರಿ. ಹಳೆಯ ಪಾಠಗಳು ಪಿಡಿ ಎಕ್ಸ್‌ಟೆಂಡೆಡ್ ಎಂಬ ಆವೃತ್ತಿಗಾಗಿ ಬರೆದವು. ಹೆಚ್ಚುವರಿ ಆಬ್ಜೆಕ್ಟ್‌ಗಳ ದೊಡ್ಡ ಮೂಟೆಯೊಂದಿಗೆ ಬರುತ್ತಿದ್ದ ಅದು 0.43ರಲ್ಲೇ ನಿಂತುಹೋಯಿತು. ಅಲ್ಲಿದ್ದ ಅನೇಕ ಆಬ್ಜೆಕ್ಟ್‌ಗಳನ್ನು ಈಗ ಎಕ್ಸ್‌ಟರ್ನಲ್‌ಗಳನ್ನು (ಹೊರಗಿನಿಂದ ಸೇರಿಸುವ ಆಬ್ಜೆಕ್ಟ್‌ಗಳನ್ನು) ಹುಡುಕುವ ಮೆನುವಿನಿಂದ ಬೇರೆಯಾಗಿ ಇಳಿಸಿಕೊಂಡು, ಡಿಕ್ಲೇರ್ ಆಬ್ಜೆಕ್ಟ್ ಮೂಲಕ ಪ್ಯಾಚ್‌ನಲ್ಲೇ ಹೆಸರಿಸಬೇಕು. ಕಲಿಯುವ ಹಂತದಲ್ಲಿ ನನ್ನ ಸಲಹೆ, ಇವುಗಳ ತಂಟೆಗೇ ಹೋಗಬೇಡಿ. ಮೂಲ ತಂತ್ರಾಂಶದಲ್ಲಿರುವ ಆಬ್ಜೆಕ್ಟ್‌ಗಳೇ ಬಹಳ ದಿನಗಳಿಗೆ ಸಾಕು.

ಪಟಪಟ ಸದ್ದನ್ನು ಎಲ್ಲರೂ ಒಂದೇ ಕಾಯಿಲೆ ಎಂದು ಭಾವಿಸುತ್ತಾರೆ, ಅದು ಕಡೇಪಕ್ಷ ಮೂರು. ನೀವು ಗುಂಡಿ ಒತ್ತಿದಾಗ ಅಥವಾ ಸ್ವರ ಬದಲಾದಾಗ ಮಾತ್ರ ಚಿಟಕ್ ಎಂದರೆ, ಅಲೆಯ ಎತ್ತರ ಒಂದೇ ಏಟಿಗೆ ಜಿಗಿಯುತ್ತಿದೆ. ಸಂಖ್ಯೆಯನ್ನು ನೇರವಾಗಿ ಗುಣಾಕಾರಕ್ಕೆ ಕೊಡುವ ಬದಲು ಲೈನ್~ಗೆ "0.5 20" ಎಂಬ ಸಂದೇಶ ಕೊಟ್ಟು, 20 ಮಿಲಿಸೆಕೆಂಡುಗಳಲ್ಲಿ ಏರುವಂತೆ ಮಾಡಿದರೆ ಅದು ಹೋಗುತ್ತದೆ. ಲೈನ್~ ಕಂತಿನ ಅಂಚಿನಲ್ಲಿ ಮಾತ್ರ ಆರಂಭವಾಗಬಲ್ಲದು. ಅದಕ್ಕಿಂತ ನಿಖರವಾದ ಆರಂಭ ಬೇಕಾದರೆ ವಿಲೈನ್~ ಇದೆ. ಸದ್ದು ಜೋರಾದಾಗ ಒರಟು ಕರಕರ ಕೇಳಿದರೆ ಸಿಗ್ನಲ್ 1ರ ಮಿತಿ ಮೀರಿ ತಲೆ ಕತ್ತರಿಸಿಕೊಳ್ಳುತ್ತಿದೆ. 0.5ರ ಎತ್ತರದ 8 ಸ್ವರಗಳು ಒಟ್ಟಿಗೆ ಕೂಡಿದರೆ 4ರವರೆಗೆ ಹೋಗಬಹುದು ಎಂಬ ಲೆಕ್ಕವನ್ನು ಮರೆಯುವುದು ಬಹಳ ಸುಲಭ. ಮೂರನೆಯದು ಯಾವ ಘಟನೆಗೂ ಸಂಬಂಧವಿಲ್ಲದೆ ಮನಬಂದಂತೆ ಬರುವ ತುಂಡರಿಕೆ. ಆಡಿಯೊ ಸೆಟ್ಟಿಂಗ್ಸ್‌ನ ಡಿಲೇ ಬೆಲೆಯನ್ನು (ಧ್ವನಿಯನ್ನು ಎಷ್ಟು ಮುಂಚಿತವಾಗಿ ಸಿದ್ಧಪಡಿಸಿಡಬೇಕು ಎಂಬುದನ್ನು) ದುಪ್ಪಟ್ಟು ಮಾಡಿ ನೋಡಿ. ತುಂಡರಿಕೆ ಕಡಿಮೆಯಾದರೆ ಕಂಪ್ಯೂಟರ್ ಮುಂದಿನ ಕಂತನ್ನು ಸಮಯಕ್ಕೆ ಸರಿಯಾಗಿ ಸಿದ್ಧಪಡಿಸಲಾಗದೆ ಹೆಣಗುತ್ತಿದೆ ಎಂದು ತಿಳಿಯಿರಿ. ಅಂದಹಾಗೆ, ಈ ಪರೀಕ್ಷೆಗಳನ್ನು ಹೆಡ್‌ಫೋನ್ ಹಾಕಿಕೊಂಡು ಮಾಡಬೇಡಿ, ಸ್ಪೀಕರಿನ ಮಟ್ಟವನ್ನೂ ತಗ್ಗಿಸಿಡಿ. ಹಿಂದಿರುಗುವ ಸಿಗ್ನಲ್‌ನಲ್ಲಿ ಒಂದು ಸೊನ್ನೆ ತಪ್ಪಿದರೂ ಕಿವಿಗೆ ಪೆಟ್ಟು ಬೀಳುವಷ್ಟು ಸದ್ದು ಕ್ಷಣದಲ್ಲಿ ಎದ್ದುಬಿಡುತ್ತದೆ.

ಜೆಮ್ ಸೇರಿಸಿದಾಗ ಧ್ವನಿ ಕೆಡುವುದಕ್ಕೂ ಮೂರನೆಯ ಕಾಯಿಲೆಯೇ ಕಾರಣ. ಪ್ಯೂರ್ ಡೇಟಾದಲ್ಲಿ ಸಂದೇಶಗಳ ಕೆಲಸ, ಧ್ವನಿಯ ಲೆಕ್ಕ, ಜೆಮ್‌ನ ಚಿತ್ರ ರಚನೆ ಎಲ್ಲವೂ ಒಂದೇ ಸಾಲಿನಲ್ಲಿ ನಿಂತು ಒಂದಾದ ಮೇಲೊಂದು ನಡೆಯುತ್ತವೆ. ಒಂದು ಚೌಕಟ್ಟಿನ ಚಿತ್ರ ಬರೆಯಲು 15 ಮಿಲಿಸೆಕೆಂಡು ಹಿಡಿದರೆ, ಅಷ್ಟು ಹೊತ್ತು ಧ್ವನಿಯ ಹತ್ತು ಕಂತುಗಳು ಕಾಯಬೇಕು. ಡಿಲೇ ಬೆಲೆ ಅದಕ್ಕಿಂತ ಕಡಿಮೆಯಿದ್ದರೆ ನಡುವೆ ಕಂದಕ ಬೀಳುತ್ತದೆ. ನಾನು ಕಂಡ ಅತ್ಯಂತ ನೆಮ್ಮದಿಯ ಪರಿಹಾರವೆಂದರೆ ಪ್ಯೂರ್ ಡೇಟಾವನ್ನು ಎರಡು ಬಾರಿ ಚಾಲೂ ಮಾಡಿ, ಒಂದರಲ್ಲಿ ಧ್ವನಿಯನ್ನೂ ಇನ್ನೊಂದರಲ್ಲಿ ಡಿಎಸ್‌ಪಿ ಆರಿಸಿ ಚಿತ್ರವನ್ನೂ ಇಟ್ಟು, ಅವೆರಡರ ನಡುವೆ ನೆಟ್‌ಸೆಂಡ್ ಮತ್ತು ನೆಟ್‌ರಿಸೀವ್ ಮೂಲಕ ಕೆಲವೇ ಸಂಖ್ಯೆಗಳನ್ನು ಸಾಗಿಸುವುದು. ದೊಡ್ಡ ಧ್ವನಿಕಡತವನ್ನು ಪ್ರದರ್ಶನದ ನಡುವೆ ಸೌಂಡ್‌ಫೈಲರ್‌ನಿಂದ ಟೇಬಲ್‌ಗೆ (ಸಂಖ್ಯೆಗಳ ಪಟ್ಟಿಗೆ) ತುಂಬಿದರೂ ಹೀಗೇ ಧ್ವನಿ ನಿಲ್ಲುತ್ತದೆ. ಆ ಕೆಲಸವನ್ನು ಆರಂಭದಲ್ಲೇ ಮುಗಿಸಿ, ಅಥವಾ ಹಿನ್ನೆಲೆಯಲ್ಲಿ ಓದುವ ರೀಡ್‌ಎಸ್‌ಎಫ್~ ಬಳಸಿ. ಪರದೆಯ ಮೇಲೆ ಸದಾ ಬದಲಾಗುತ್ತಿರುವ ಟೇಬಲ್‌ಗಳ ನಕ್ಷೆಗಳೂ ಸಾಕಷ್ಟು ಹೊರೆ. ಅವುಗಳನ್ನು ಮುಚ್ಚಿದ ಸಬ್‌ಪ್ಯಾಚ್‌ನೊಳಗೆ (ಪ್ಯಾಚ್‌ನೊಳಗಿನ ಪ್ಯಾಚ್‌ನಲ್ಲಿ) ಇಟ್ಟರೆ ಹೊರೆ ಇಳಿಯುತ್ತದೆ. ಇನ್ನು ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಅನ್‌ಟಿಲ್ ಆಬ್ಜೆಕ್ಟ್‌ಗೆ ಬರೀ ಬ್ಯಾಂಗ್ ಕೊಟ್ಟು ನಿಲ್ಲಿಸುವ ವ್ಯವಸ್ಥೆ ಮರೆತರೆ ಇಡೀ ತಂತ್ರಾಂಶವೇ ಮರಗಟ್ಟುತ್ತದೆ. ಎಷ್ಟು ಬಾರಿ ಎಂಬ ಸಂಖ್ಯೆಯನ್ನೇ ಕೊಡುವುದು ಕ್ಷೇಮ.

ಪ್ಯಾಚ್ ಬೆಳೆದು ತುಂಡುಗಳನ್ನು ಬೇರೆ ಕಡತಗಳಲ್ಲಿ ಅಬ್‌ಸ್ಟ್ರಾಕ್ಷನ್‌ಗಳಾಗಿ (ಹೆಸರಿನಿಂದ ಕರೆದು ಬಳಸುವ ಪ್ಯಾಚ್‌ಗಳಾಗಿ) ಮಾಡಲು ಹೊರಟಾಗ ಡಾಲರ್ ಚಿಹ್ನೆ ನಿಮ್ಮನ್ನು ಕಾಡಲಿದೆ, ಆದ್ದರಿಂದ ಈಗಲೇ ಹೇಳಿಬಿಡುತ್ತೇನೆ. ಆಬ್ಜೆಕ್ಟ್ ಪೆಟ್ಟಿಗೆಯೊಳಗಿನ $1 ಎಂದರೆ ಆ ಅಬ್‌ಸ್ಟ್ರಾಕ್ಷನ್ ಅನ್ನು ಕರೆದಾಗ ಅದರ ಹೆಸರಿನ ಮುಂದೆ ಬರೆದ ಮೊದಲ ಬೆಲೆ; ಅದು ಪ್ಯಾಚ್ ತೆರೆಯುವಾಗ ಒಮ್ಮೆ ನಿರ್ಧಾರವಾಗುತ್ತದೆ. ಮೆಸೇಜ್ ಬಾಕ್ಸ್‌ನೊಳಗಿನ $1 ಎಂದರೆ ಆ ಕ್ಷಣದಲ್ಲಿ ಒಳಗೆ ಬಂದ ಸಂದೇಶದ ಮೊದಲ ಅಂಶ. ಬರಹ ಒಂದೇ, ಕಾಲ ಬೇರೆ. $0 ಎಂಬುದು ಅಬ್‌ಸ್ಟ್ರಾಕ್ಷನ್‌ನ ಒಂದೊಂದು ಪ್ರತಿಗೂ ಸಿಗುವ ಪ್ರತ್ಯೇಕ ಸಂಖ್ಯೆ. ಟೇಬಲ್‌ನ ಹೆಸರನ್ನು ಅದರಿಂದ ಆರಂಭಿಸದಿದ್ದರೆ, ಒಂದೇ ಅಬ್‌ಸ್ಟ್ರಾಕ್ಷನ್‌ನ ಎರಡು ಪ್ರತಿಗಳು ಒಂದೇ ಹೆಸರಿನ ಟೇಬಲ್‌ಗಾಗಿ ಕಿತ್ತಾಡುತ್ತವೆ. ಆದರೆ ಮೆಸೇಜ್ ಬಾಕ್ಸ್‌ನೊಳಗೆ $0 ಬರೆದರೆ ಆ ಸಂಖ್ಯೆ ಸಿಗದೆ ಬರೀ 0 ಬರುತ್ತದೆ. ಅಲ್ಲಿ ಬೇಕಾದರೆ ಒಂದು ಫ್ಲೋಟ್ ಆಬ್ಜೆಕ್ಟ್‌ನಲ್ಲಿ $0 ಬರೆದು, ಅದರ ಬೆಲೆಯನ್ನು ಮೆಸೇಜ್ ಬಾಕ್ಸ್‌ಗೆ ಕಳಿಸಿ $1 ಎಂದು ಹಿಡಿಯಬೇಕು. ಇದು ಅಚ್ಚುಕಟ್ಟಾದ ವಿನ್ಯಾಸವೇನಲ್ಲ, ಆದರೂ ಇದರೊಂದಿಗೇ ಬಾಳಬೇಕು.

ಕಲಿಕೆಯ ವಿಷಯ. ನೀವು ಉದಾಹರಣೆಗಳನ್ನು ತೆರೆದು, ನಡೆಸಿ, ನೋಡಿ ಕಟ್ಟುತ್ತಿದ್ದೀರಿ. ಕಣ್ಣು ನಕಲು ಮಾಡುವುದು ಚಿತ್ರವನ್ನು. ಸರದಿ ನಕಲಾಗುವುದಿಲ್ಲ ಎಂದು ಮೇಲೆ ಕಂಡೆವು. ಅದರ ಬದಲು ಹತ್ತು ಆಬ್ಜೆಕ್ಟ್‌ಗಳನ್ನು ಮೀರದ ಒಂದು ಉದಾಹರಣೆಯನ್ನು ಆರಿಸಿ. ಬ್ಯಾಂಗ್ ಒತ್ತುವ ಮೊದಲು ಯಾವ ಸಂಖ್ಯೆ ಯಾವ ಕ್ರಮದಲ್ಲಿ ಎಲ್ಲಿ ಬರುತ್ತದೆ ಎಂದು ಕಾಗದದ ಮೇಲೆ ಬರೆಯಿರಿ, ಆಮೇಲೆ ಆ ಜಾಗಗಳಲ್ಲಿ ಬೇರೆ ಬೇರೆ ಹೆಸರು ಕೊಟ್ಟ ಪ್ರಿಂಟ್ ಆಬ್ಜೆಕ್ಟ್‌ಗಳನ್ನು ಜೋಡಿಸಿ ಒತ್ತಿ. ಕನ್ಸೋಲ್‌ನಲ್ಲಿ ಸಾಲುಗಳು ಬೀಳುವ ಕ್ರಮವೇ ನಿಮಗೆ ಕಾಣದಿದ್ದ ಕಾಲ. ನಿಮ್ಮ ಊಹೆ ತಪ್ಪಿದ ಜಾಗದಲ್ಲೇ ಪಾಠವಿದೆ. ಅದು ಹಿಡಿತಕ್ಕೆ ಬಂದ ಮೇಲೆ ಕಡತವನ್ನು ಮುಚ್ಚಿ, ನೆನಪಿನಿಂದ ಮತ್ತೆ ಕಟ್ಟಿ. ತಂತ್ರಾಂಶದ ಜೊತೆಗೆ ಬರುವ ಪಾಠಗಳಲ್ಲಿ ನಿಯಂತ್ರಣದ ಉದಾಹರಣೆಗಳ ಗುಂಪು ಧ್ವನಿಯ ಗುಂಪಿಗಿಂತ ಮೊದಲಿದೆ. ಸದ್ದಿಲ್ಲದ ಅವು ನೀರಸವೆಂದು ಬಹಳ ಜನ ಹಾರಿ ಹೋಗುತ್ತಾರೆ. ನೀವೂ ಹಾರಿದ್ದೀರಿ ಎಂದು ನನ್ನ ಅನುಮಾನ. ಹಿಂದಿರುಗಿ ಅವುಗಳನ್ನು ಮುಗಿಸಿ. ಯಾವುದೇ ಆಬ್ಜೆಕ್ಟ್‌ನ ಮೇಲೆ ಬಲ ಕ್ಲಿಕ್ ಮಾಡಿ ತೆರೆಯುವ ಸಹಾಯದ ಕಡತವೂ ನಡೆಯುವ ಪ್ಯಾಚ್ ಆಗಿರುವುದರಿಂದ, ಅದರೊಳಗಿನ ಸಂಖ್ಯೆಗಳನ್ನು ಬದಲಿಸಿ, ತಂತಿಗಳನ್ನು ಕಿತ್ತು, ಯಾವ ದೋಷಕ್ಕೆ ಯಾವ ಲಕ್ಷಣ ಎಂದು ಬೇಕೆಂದೇ ಕೆಡಿಸಿ ನೋಡಿ, ಉಳಿಸದೆ ಮುಚ್ಚಿದರಾಯಿತು.

ಇಷ್ಟಾದರೂ ದೋಷ ಸಿಗದ ದಿನ ಬಂದೇ ಬರುತ್ತದೆ. ಅಂದು ಪ್ಯಾಚ್‌ನ ಒಂದು ನಕಲು ಮಾಡಿ, ಅದರ ಅರ್ಧವನ್ನು ಅಳಿಸಿ, ದೋಷ ಇನ್ನೂ ಇದೆಯೇ ನೋಡಿ; ಇದ್ದರೆ ಉಳಿದದ್ದರ ಅರ್ಧವನ್ನು ಅಳಿಸಿ, ಇಲ್ಲದಿದ್ದರೆ ಅಳಿಸಿದ್ದನ್ನು ಹಿಂತಂದು ಇನ್ನೊಂದು ಅರ್ಧವನ್ನು ಅಳಿಸಿ. 200 ಆಬ್ಜೆಕ್ಟ್‌ಗಳ ಪ್ಯಾಚ್ ಏಳೆಂಟು ಸುತ್ತಿನಲ್ಲಿ ಎರಡು ಮೂರು ಪೆಟ್ಟಿಗೆಗಳಿಗೆ ಇಳಿಯುತ್ತದೆ. ಸಾಲದಿದ್ದರೆ ಕಡತವನ್ನೇ ಪಠ್ಯ ಸಂಪಾದಕದಲ್ಲಿ ತೆರೆಯಿರಿ, ಏಕೆಂದರೆ ಅದು ಸಾದಾ ಪಠ್ಯ. ಕನೆಕ್ಟ್ ಎಂದಿರುವ ಪ್ರತಿ ಸಾಲೂ ಒಂದು ತಂತಿ. ಅದರ ನಾಲ್ಕು ಸಂಖ್ಯೆಗಳು ಕ್ರಮವಾಗಿ ಹೊರಡುವ ಆಬ್ಜೆಕ್ಟ್, ಅದರ ಔಟ್‌ಲೆಟ್, ತಲುಪುವ ಆಬ್ಜೆಕ್ಟ್, ಅದರ ಇನ್‌ಲೆಟ್. ಎಣಿಕೆ ಎಲ್ಲಕ್ಕೂ 0ಯಿಂದ ಆರಂಭ. ಮೊದಲ ಎರಡು ಸಂಖ್ಯೆಗಳು ಒಂದೇ ಆಗಿರುವ ಸಾಲುಗಳನ್ನು ಮೇಲಿನಿಂದ ಕೆಳಕ್ಕೆ ಓದಿದರೆ, ಚಿತ್ರದಲ್ಲಿ ಕಾಣದಿದ್ದ ಸರದಿ ಅಕ್ಷರದಲ್ಲಿ ಬರೆದಿರುತ್ತದೆ.